ಮುರಿದ ಗಾಲಿ ಮತ್ತು ಎರಕದ ಲೆಕ್ಕ



ಕಾಫಿ ಕುಯ್ಲು ಬಿರುಸಾಗಿದ್ದ ಒಂದು ವರ್ಷ ನಮ್ಮ ಪಲ್ಪರಿನ ದೊಡ್ಡ ಹಲ್ಲುಗಾಲಿಯ ಎರಡು ಹಲ್ಲುಗಳು ಮುರಿದವು. ಹೊಸದು ಕೂಡಲೇ ಸಿಗುವಂತಿರಲಿಲ್ಲ. ಮುರಿದದ್ದನ್ನೇ ಒಂದು ಎರಕದ ಕಾರ್ಖಾನೆಗೆ ಒಯ್ದು, "ಇದರಂತೆಯೇ ಇನ್ನೊಂದು ಹೊಯ್ದು ಕೊಡಿ" ಎಂದೆವು. ಮುರಿದ ಹಲ್ಲಿನ ಜಾಗಕ್ಕೆ ಮೇಣ ತುಂಬಿ, ಆ ಗಾಲಿಯನ್ನೇ ಮಾದರಿಯಾಗಿಟ್ಟು ಅವರು ಹೊಯ್ದು ಕೊಟ್ಟರು. ನೋಡಲು ಲಕ್ಷಣವಾಗಿತ್ತು. ಕೂರಿಸಿದರೆ ಹಲ್ಲಿಗೆ ಹಲ್ಲು ಆಳವಾಗಿ ಕಚ್ಚದೆ, ಭಾರ ಬಿದ್ದೊಡನೆ ಜಾರಿತು. ಅಂದು ಕುಯ್ದ ಹಣ್ಣು ರಾಶಿಯಲ್ಲೇ ಬಿಸಿಯಾಗಿ ಹುಳಿ ವಾಸನೆ ಹೊಡೆಯಿತು. ತಪ್ಪಿನಲ್ಲಿ ಅರ್ಧ ಪಾಲು ನಮ್ಮದೇ, ಏಕೆಂದರೆ ನಾವು ಕೇಳಿದ ರೀತಿಯೇ ಸರಿಯಿರಲಿಲ್ಲ.

ಕರಗಿದ ಲೋಹ ಗಟ್ಟಿಯಾಗಿ ಆರುವಾಗ ಕುಗ್ಗುತ್ತದೆ. ಬೀಡು ಕಬ್ಬಿಣ ನೂರಕ್ಕೆ ಸುಮಾರು ಒಂದು ಪಾಲು, ಅಲ್ಯೂಮಿನಿಯಂ ಮತ್ತು ಹಿತ್ತಾಳೆ ಅದಕ್ಕಿಂತ ಹೆಚ್ಚು, ಉಕ್ಕು ಹತ್ತಿರ ಹತ್ತಿರ ಎರಡು ಪಾಲು. ಹಾಗಾಗಿ 300 ಮಿ.ಮೀ. ಅಡ್ಡಳತೆಯ ಬೀಡಿನ ಗಾಲಿಯನ್ನೇ ಮಾದರಿಯಾಗಿಟ್ಟರೆ ಹುಟ್ಟುವುದು ಸುಮಾರು 297 ಮಿ.ಮೀ. ಗಾಲಿ. ಹಳೆಯ ಹಲ್ಲುಗಳು ಸವೆದದ್ದು ಬೇರೆ. ಆದ್ದರಿಂದಲೇ ಮರದ ಮಾದರಿ ಮಾಡುವ ಬಡಗಿಯ ಅಳತೆಪಟ್ಟಿ ನಮ್ಮದಕ್ಕಿಂತ ಉದ್ದ. ಆ ಕುಗ್ಗುವಿಕೆ ಅದರಲ್ಲೇ ಸೇರಿರುತ್ತದೆ. ಲೇತಿನಲ್ಲಿ ಕೊರೆಯಬೇಕಾದ ಕಡೆ ಇನ್ನೂ ಎರಡು ಮೂರು ಮಿ.ಮೀ. ಹೆಚ್ಚು ಬಿಡುತ್ತಾನೆ. ಮಾದರಿಯನ್ನು ಮರಳಿನಿಂದ ಎತ್ತುವಾಗ ಅಂಚು ಕುಸಿಯದಂತೆ ಪಕ್ಕಗಳನ್ನು ಕೊಂಚ ಓರೆ ಮಾಡುತ್ತಾನೆ.

ಅಚ್ಚಿನ ಮರಳು ಹೊಳೆಯಿಂದ ತಂದದ್ದಲ್ಲ. ಸಣ್ಣ ಕಣದ ಸಿಲಿಕಾ ಮರಳಿಗೆ ಅಂಟುಜೇಡಿ ಸೇರಿಸಿ, ಸ್ವಲ್ಪವೇ ನೀರು ಚಿಮುಕಿಸಿ ಹದ ಮಾಡಿದ್ದು. ಹಿಡಿಯಲ್ಲಿ ಹಿಂಡಿದರೆ ಬೆರಳ ಗುರುತು ಮೂಡಬೇಕು, ಅಂಗೈಗೆ ತೇವ ಅಂಟಬಾರದು. ನೀರು ಹಬೆಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೆಚ್ಚಾದ ತೇವ ಲೋಹದೊಳಗೆ ಗುಳ್ಳೆಯಾಗಿ ಉಳಿಯುತ್ತದೆ. ಎರಡು ಪೆಟ್ಟಿಗೆಗಳಲ್ಲಿ ಮೇಲೆ ಅರ್ಧ, ಕೆಳಗೆ ಅರ್ಧ ಅಚ್ಚು ಒತ್ತಿ, ಮಾದರಿ ತೆಗೆದು, ನಡುವಿನ ತೂತಿಗೆ ಬೇರೆಯಾಗಿ ಒಣಗಿಸಿದ ಮರಳಿನ ಉರುಳೆ ಇಟ್ಟು ಮುಚ್ಚುತ್ತಾರೆ. ಇದಕ್ಕೆ ಕೋರ್ ಎನ್ನುತ್ತಾರೆ.

ಗಾಲಿಯಲ್ಲಿ ಹೆಚ್ಚು ಮೋಸ ಹೋಗುವ ಜಾಗ ನಡುವಿನ ಗುಂಭ. ಬಟ್ಟಲಿನಲ್ಲಿ ಕರಗಿದ ಮೇಣ ಆರಿದಾಗ ನಡುವೆ ತಗ್ಗು ಬೀಳುವುದನ್ನು ನೋಡಿದ್ದೀರಿ. ಹಲ್ಲು, ಕಡ್ಡಿಗಳು ತೆಳು, ಬೇಗ ಗಟ್ಟಿಯಾಗುತ್ತವೆ; ದಪ್ಪನೆಯ ಗುಂಭ ಕೊನೆಗೆ ಗಟ್ಟಿಯಾಗುವಾಗ ತುಂಬಲು ಲೋಹವೇ ಇರುವುದಿಲ್ಲ, ಒಳಗೆ ಪೊಳ್ಳಾಗುತ್ತದೆ. ಅದಕ್ಕೇ ಗುಂಭದ ಮೇಲೆ ರೈಸರ್ ಎಂಬ ಹೆಚ್ಚುವರಿ ಲೋಹದ ಕಂಬ ನಿಲ್ಲಿಸುತ್ತಾರೆ. ಕೆಳಗೆ ಕುಗ್ಗಿದಂತೆ ಇದು ಇಳಿದು ತುಂಬುತ್ತದೆ, ಆಮೇಲೆ ಕತ್ತರಿಸಿ ತೆಗೆಯುತ್ತಾರೆ. "ಇಷ್ಟು ಲೋಹ ದಂಡ" ಎಂದು ಇದಕ್ಕೆ ಚೌಕಾಶಿ ಮಾಡಬೇಡಿ.

ಬೀಡನ್ನು ಅವಸರದಲ್ಲಿ ಆರಿಸುವುದೂ ಸಲ್ಲದು. ತೆಳು ಭಾಗ ಬೇಗ ತಣಿದರೆ ಒಡಲು ಬಿಳುಪಾಗಿ, ಅರವೂ ಕಚ್ಚದಷ್ಟು ಗಡುಸಾಗಿ, ಗಾಜಿನಂತೆ ಒಡೆಯುತ್ತದೆ. ನಿಧಾನವಾಗಿ ಆರಿದ್ದು ಒಡೆದ ಮೈಯಲ್ಲಿ ಬೂದುಬಣ್ಣ ತೋರುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಹೊತ್ತಿಸಿದ ಊದುಕುಲುಮೆ ಬೀಡು ತೆಗೆದದ್ದು ಕೆಮ್ಮಣ್ಣುಗುಂಡಿಯ ಅದಿರಿನಿಂದ, ಮಲೆನಾಡಿನ ಕಾಡಿನ ಇದ್ದಿಲಿನಿಂದ. ನಮ್ಮ ತೋಟಗಳ ನೆರೆಯ ವಸ್ತುವೇ ಆದರೂ ಅದರ ಗುಣ ನಾವು ಕಲಿತದ್ದು ಹಣ್ಣು ಹಾಳಾದ ಮೇಲೆ.

ಇನ್ನು ಮುಂದೆ ಎರಕಕ್ಕೆ ಕೊಡುವವರು ಹಳೆಯ ತುಂಡಿನ ಜೊತೆಗೆ, ಅದು ಹೊಸದಿದ್ದಾಗಿನ ಅಳತೆ, ಹಲ್ಲುಗಳ ಸಂಖ್ಯೆ, ಎರಡು ಅಚ್ಚುಕಂಬಿಗಳ ನಡುವಿನ ದೂರ ಬರೆದುಕೊಡಿ. ಬಂದ ಗಾಲಿಯನ್ನು ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಬಿರುಕಿದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ.

ನಮ್ಮ ಪಲ್ಪರಿನ ಗಾಲಿಗೆ ಆಮೇಲೆ ಮಾಡಿಸಿದ ಮರದ ಮಾದರಿ ಸಂಘದ ಉಗ್ರಾಣದಲ್ಲಿದೆ. ಅದೇ ಅಳತೆಯ ಯಂತ್ರವಿರುವವರು ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು. ಜೀಪಿನ ಹಿಂದೆ ಮಳೆಗೆ ನೆನೆಯಲು ಬಿಡಬೇಡಿ. ಮರ ಉಬ್ಬಿದರೆ ಅಳತೆ ಹೋಯಿತು.