ಬೆಂಗಳೂರಿನ ಗುರುದತ್ತರೂ ಮೈಸೂರಿನ ಮೂರ್ತಿಯವರೂ

ರಾತ್ರಿಯ ಊಟ ಮುಗಿಸಿ ರೇಡಿಯೋದ ಗುಂಡಿ ತಿರುಗಿಸುವಾಗ ಹಳೆಯ ಹಿಂದೀ ಚಿತ್ರಗೀತೆಯೊಂದು ತೇಲಿಬಂದರೆ, ವಾಚಕ ಮಹಾಶಯರೇ, ನೀವೂ ಕೈ ತಡೆದು ಕೇಳುತ್ತ ಕೂಡುವುದುಂಟಷ್ಟೆ. ಅದು ‘ಪ್ಯಾಸಾ’ ಚಿತ್ರದ್ದೋ ‘ಕಾಗಜ್ ಕೆ ಫೂಲ್’ ಚಿತ್ರದ್ದೋ ಆಗಿದ್ದರೆ, ಆ ಚಿತ್ರದ ಬೆನ್ನ ಹಿಂದೆ ನಮ್ಮ ನಾಡಿನವರೇ ಇಬ್ಬರು ನಿಂತಿದ್ದರೆಂಬುದನ್ನು ನೆನೆಯಿರಿ. ಚಿತ್ರವನ್ನು ನಿರ್ದೇಶಿಸಿ ತಾವೇ ನಾಯಕರಾಗಿ ನಟಿಸಿದ ಗುರುದತ್ತರು 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಅದನ್ನು ಕ್ಯಾಮರಾದಲ್ಲಿ ಹಿಡಿದ ವಿ. ಕೆ. ಮೂರ್ತಿಯವರು ಮೈಸೂರಿನವರು.

ಗುರುದತ್ತರನ್ನು ಬಂಗಾಳಿ ಎಂದುಕೊಂಡವರು ಬಹಳ. ತಪ್ಪು ಹೆಸರಿನದು. ತಂದೆತಾಯಿಗಳು ಮೊದಲು ಇಟ್ಟ ಹೆಸರು ವಸಂತಕುಮಾರ. ಬಾಲ್ಯದಲ್ಲಿ ಅಪಘಾತವೊಂದಾದ ಮೇಲೆ ಗುರುದತ್ತ ಎಂದು ಬದಲಿಸಿದರು. ಗುರುವಿನಿಂದ ದತ್ತನಾದವನು ಗುರುದತ್ತ. ತೃತೀಯಾ ತತ್ಪುರುಷ ಸಮಾಸ. ಸಮಾಸವನ್ನು ಬಿಡಿಸಿ ಎರಡು ಪದವಾಗಿ ಬರೆದು ನಾವು ಅವರನ್ನು ಬಂಗಾಳದ ದತ್ತರ ಮನೆತನಕ್ಕೆ ದತ್ತು ಕೊಟ್ಟುಬಿಟ್ಟೆವು! ನಿಜವಾದ ಮನೆತನದ ಹೆಸರು ಪಡುಕೋಣೆ. ಅದು ಕುಂದಾಪುರದ ಕಡೆಯ ಊರು, ಮನೆಮಾತು ಕೊಂಕಣಿ. ಆದರೆ ಹುಡುಗ ಬೆಳೆದದ್ದು ಕಲ್ಕತ್ತೆಯಲ್ಲಿ, ಬಂಗಾಳಿಯನ್ನು ನೀರು ಕುಡಿದಷ್ಟು ಸುಲಭವಾಗಿ ಆಡುತ್ತಿದ್ದುದೂ ನಿಜ.

ಆಲ್ಮೋರದಲ್ಲಿ ಉದಯಶಂಕರರ ಬಳಿ ನೃತ್ಯ ಕಲಿತರು. ಕಲ್ಕತ್ತೆಯ ಕಂಪನಿಯೊಂದರಲ್ಲಿ ಕೆಲಕಾಲ ಟೆಲಿಫೋನ್ ಆಪರೇಟರಾಗಿದ್ದರು. 1944ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಯನ್ನು ಸೇರಿದರು. ಅಲ್ಲಿ ದೊರೆತ ಗೆಳೆಯ ದೇವಾನಂದರು. ಅವರ ನವಕೇತನ ಸಂಸ್ಥೆಗಾಗಿಯೇ 1951ರಲ್ಲಿ ‘ಬಾಜಿ’ ಎಂಬ ಮೊದಲ ಚಿತ್ರವನ್ನು ನಿರ್ದೇಶಿಸಿದರು. ಆ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದ ಮೂರ್ತಿಯವರ ಕೈಚಳಕವನ್ನು ಕಂಡು, ಮರುವರ್ಷದ ‘ಜಾಲ್’ ಚಿತ್ರದಿಂದ ಕ್ಯಾಮರಾವನ್ನು ಅವರಿಗೇ ಒಪ್ಪಿಸಿದರು. ಆಮೇಲೆ ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’ ಎಂಬ ಲಘು ಚಿತ್ರಗಳು ಹಣ ತಂದವು. 1957ರ ‘ಪ್ಯಾಸಾ’ ಬೇರೆಯ ಮಾತು. ಬದುಕಿದ್ದಾಗ ಯಾರೂ ಕೇಳದ ಕವಿಯನ್ನು ಸತ್ತನೆಂದು ತಿಳಿದ ಮೇಲೆ ಜಗತ್ತು ತಲೆಯ ಮೇಲೆ ಹೊತ್ತು ಮೆರೆಸುವ ಕಥೆ ಅದು. ಜನ ಅದನ್ನು ಮೆಚ್ಚಿದರು.

1959ರಲ್ಲಿ ‘ಕಾಗಜ್ ಕೆ ಫೂಲ್’ ಬಂತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಗಲವಾದ ನೋಟವನ್ನು ವಿಶೇಷ ಮಸೂರದಿಂದ ಅಡ್ಡಕ್ಕೆ ಹಿಂಡಿ ಸಾಮಾನ್ಯ ಫಿಲ್ಮಿನೊಳಗೆ ಕೂರಿಸುವುದು, ತೋರಿಸುವಾಗ ಅಂಥದೇ ಇನ್ನೊಂದು ಮಸೂರದಿಂದ ಹಿಗ್ಗಿಸುವುದು. ಇದೇ ಅದರ ಗುಟ್ಟು. ಹಾಡೊಂದರಲ್ಲಿ ಕತ್ತಲು ತುಂಬಿದ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಒಂದೇ ಕೋಲು ಇಳಿಯುತ್ತದೆ; ನಾಯಕ ನಾಯಿಕೆಯರು ಅದರ ಎರಡು ಬದಿಗೆ ನಿಂತಿರುತ್ತಾರೆ. ಅದು ವಿದ್ಯುದ್ದೀಪದ ಬೆಳಕಲ್ಲ, ನಮ್ಮ ಸೂರ್ಯನದೇ. ಮೂರ್ತಿಯವರು ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿನಲ್ಲಿಟ್ಟು, ಆ ಬೆಳಕನ್ನು ಇನ್ನೊಂದು ಕನ್ನಡಿಯ ಮೇಲೆ ಬೀಳಿಸಿ, ಅಲ್ಲಿಂದ ಒಳಕ್ಕೆ ಇಳಿಸಿದರು. ನಮ್ಮ ಉಡಿಗಾಲದ ಹುಡುಗರು ಒಡೆದ ಕನ್ನಡಿಯ ಚೂರಿನಿಂದ ಮೇಷ್ಟರ ಮುಖಕ್ಕೆ ಬಿಸಿಲು ಬಿಡುವುದೂ ಇದೇ ವಿದ್ಯೆ. ನಾನು ಎಷ್ಟೋ ಸಲ ಅದಕ್ಕೆ ಬೆತ್ತ ಎತ್ತಿದ್ದೇನೆ. ಈ ಸಂಗತಿ ತಿಳಿದ ಮೇಲೆ ಸ್ವಲ್ಪ ಕೈ ಹಿಂದೆಗೆಯಿತು.

ಆದರೆ ಚಿತ್ರ ಸೋತಿತು. ಸೋತು ಮೂಲೆಗುಂಪಾಗುವ ಚಿತ್ರನಿರ್ದೇಶಕನೊಬ್ಬನ ಕಥೆಯನ್ನು ಹೇಳಹೊರಟವರಿಗೆ ಆ ಕಥೆಯೇ ತಿರುಗಿ ಬಡಿಯಿತು. ಆಮೇಲೆ ಗುರುದತ್ತರು ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಲಿಲ್ಲ. ‘ಚೌದ್‌ವೀ ಕಾ ಚಾಂದ್’ (1960) ಚಿತ್ರಕ್ಕೆ ಎಂ. ಸಾದಿಕ್‌, ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರಕ್ಕೆ ಅಬ್ರಾರ್ ಅಲ್ವಿ ನಿರ್ದೇಶಕರಾದರು. ಇವರು ನಿರ್ಮಾಪಕ, ನಟರಾಗಿ ಉಳಿದರು. ಒಂದು ಸೋಲಿಗೆ ಇಷ್ಟು ದೊಡ್ಡ ಬೆಲೆ ತೆರಬೇಕಿತ್ತೇ ಎಂದು ನನಗೆ ಈಗಲೂ ಅನ್ನಿಸುತ್ತದೆ. 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ 39 ವರ್ಷ. ಅಂದು ಸೋತ ಆ ಚಿತ್ರವನ್ನು ಇಂದು ಸಿನಿಮಾ ಕಲಿಯುವವರು ಪಾಠದಂತೆ ನೋಡುತ್ತಾರೆ.

ಮೂರ್ತಿಯವರಿಗೆ ದೀರ್ಘಾಯುಸ್ಸು ಲಭಿಸಿತು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ಕನ್ನಡದ ‘ಹೂವು ಹಣ್ಣು’ (1993) ಚಿತ್ರಕ್ಕೂ ಅವರೇ ಛಾಯಾಗ್ರಾಹಕರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅದುವರೆಗೆ ಯಾವ ಛಾಯಾಗ್ರಾಹಕನಿಗೂ ಅದು ಸಂದಿರಲಿಲ್ಲ. 2014ರ ಏಪ್ರಿಲ್‌ನಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಗುರುದತ್ತರು ಹುಟ್ಟಿದ ಅದೇ ಬೆಂಗಳೂರಿನಲ್ಲಿ ಅವರು ಕಣ್ಣು ಮುಚ್ಚಿದರು.