ಚಿತ್ರವು ಮರೆಯಾಗುವ ಹೊತ್ತನ್ನು ಗಮನಿಸಿರಿ

ದೂರದರ್ಶನದ ಚಿತ್ರವು ಪೂರ್ಣವಾಗಿ ನಿಂತುಹೋದರೆ ಅದರ ದೋಷವನ್ನು ಕಂಡುಹಿಡಿಯುವುದು ಅಷ್ಟು ಕಷ್ಟವಲ್ಲ. ಬಂದು ಹೋಗುವ ದೋಷವೇ ಕಠಿಣವಾದುದು. ಮೆಕ್ಯಾನಿಕ್ ಬಂದಾಗ ಅದು ಇರುವುದಿಲ್ಲ. ಆತನು ಹೋದ ಮೇಲೆ ಮರಳುತ್ತದೆ. ಆಗ ಮನೆಯವರ ಸಂಶಯವು ಯಂತ್ರವನ್ನು ಬಿಟ್ಟು ಮನುಷ್ಯರ ಕಡೆಗೆ ತಿರುಗುತ್ತದೆ.

ಧಾರವಾಡ ಸೀಮೆಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋದಾಗ ನಾವು ಇದನ್ನು ಕಣ್ಣಾರೆ ಕಂಡೆವು. ಆ ಮನೆಯ ಹಿರಿಯ ತಾಯಿಯವರಿಗೆ ಮಠದವರೆಗೆ ನಡೆಯುವ ಶಕ್ತಿ ಉಳಿದಿಲ್ಲ. ಸಂಜೆಯ ಪ್ರವಚನವನ್ನು ಅವರು ದೂರದರ್ಶನದಲ್ಲಿಯೇ ಕೇಳುವರು. ಯುಗಾದಿಯ ಬಳಿಕ ಚಿತ್ರವು ಆಗಾಗ ಚೌಕಚೌಕವಾಗಿ ಒಡೆದು ಮಾಯವಾಗತೊಡಗಿತು. ಮುದುಕಿ ಏನೋ ಒತ್ತಿದ್ದಾಳೆಂದು ಬಗೆದ ಮಕ್ಕಳು ರಿಮೋಟನ್ನು ಎತ್ತಿಟ್ಟರು. ಮೆಕ್ಯಾನಿಕ್ ಹೊಸ ಸೆಟ್‌ಟಾಪ್ ಬಾಕ್ಸ್ ಕೊಳ್ಳಲು ಹೇಳಿದ್ದನು. ನಾವು ತಾಯಿಯವರನ್ನೇ ವಿಚಾರಿಸಿದೆವು. "ನಾ ಏನೂ ಮುಟ್ಟಿಲ್ರಿ. ಗಾಳಿ ಬೀಸಿದ್ರ ಹೋಗತೈತಿ, ನಿಂತ್ರ ಬರತೈತಿ" ಎಂದರು. ಅಲ್ಲಿಯವರೆಗೆ ಯಾರೂ ಅವರನ್ನು ಕೇಳಿರಲಿಲ್ಲ.

ದೋಷವು ಯಾವಾಗ ಬರುತ್ತದೆಂಬುದೇ ಅದರ ಮೂಲವನ್ನು ತಿಳಿಸುತ್ತದೆ. ಡಿಡಿ ಫ್ರೀ ಡಿಶ್ ಸೇವೆಯನ್ನು ಹೊತ್ತ ಜಿಸ್ಯಾಟ್-15 ಉಪಗ್ರಹವು 2015ರ ನವೆಂಬರಿನಲ್ಲಿ ಉಡಾವಣೆಗೊಂಡುದು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಅದು ನಮ್ಮ ನಾಡಿನಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ, ಆಕಾಶದಲ್ಲಿ ಬಹಳ ಮೇಲಕ್ಕಿದೆ. ಅಲ್ಲಿಂದ ಬರುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ಅಷ್ಟು ಕಿರಿದಾದ ಅಲೆಯನ್ನು ನೀರೂ ಹಸಿ ಎಲೆಯೂ ಸುಲಭವಾಗಿ ತಡೆಯುತ್ತವೆ.

ಆದುದರಿಂದ ಜೋರು ಮಳೆಯಲ್ಲಿ ಚಿತ್ರ ಹೋಗಿ ಮಳೆ ನಿಂತೊಡನೆ ಬಂದರೆ ಅದು ಪ್ರಕೃತಿಸಹಜ, ಕಾಯುವುದೇ ಉಪಾಯ. ಮಳೆ ನಿಂತು ಎಷ್ಟೋ ಹೊತ್ತಾದರೂ ಬಾರದಿದ್ದರೆ ಕೇಬಲಿನ ಕನೆಕ್ಟರಿನಲ್ಲಿ ನೀರು ಸೇರಿ ತುಕ್ಕು ಹಿಡಿದಿರಬಹುದು. ಅದನ್ನು ಬದಲಿಸಿ ಹೊಸದಕ್ಕೆ ನೀರು ಇಳಿಯದಂತೆ ಸುತ್ತಬೇಕು. ಕೆಲವು ವಾಹಿನಿಗಳು ಮಾತ್ರ ಹೋಗುತ್ತಿದ್ದರೆ ಡಿಶ್ಶಿನ ಮುಂದಿರುವ ಎಲ್‌ಎನ್‌ಬಿಯನ್ನು ಪರೀಕ್ಷಿಸಬೇಕು. ಮಾರ್ಚ್ ತಿಂಗಳ ನಡುವೆ ಮತ್ತು ಸೆಪ್ಟೆಂಬರ್ ಕೊನೆಗೆ ಕೆಲವು ದಿನ ಹಗಲಿನ ಒಂದೇ ಹೊತ್ತಿನಲ್ಲಿ ಕೆಲ ನಿಮಿಷ ಚಿತ್ರ ಹೋದರೆ, ಸೂರ್ಯನು ಉಪಗ್ರಹದ ಹಿಂದೆ ಬಂದಿದ್ದಾನೆಂದು ತಿಳಿಯಬೇಕು. ಅದಕ್ಕೆ ಯಾವ ರಿಪೇರಿಯೂ ಬೇಡ. ಗಾಳಿಗೆ ಹೋದರೆ ಡಿಶ್ಶಿನ ಬೋಲ್ಟು ಸಡಿಲವಾಗಿರಬೇಕು, ಇಲ್ಲವೆ ಮರವು ಅಡ್ಡ ಬರುತ್ತಿರಬೇಕು. ಡಿಶ್ ಒಂದೆರಡು ಡಿಗ್ರಿ ಜರುಗಿದರೂ ಸಾಕು, ಚಿತ್ರ ಕೆಡುತ್ತದೆ.

ಆ ಮನೆಯಲ್ಲಿ ಬೋಲ್ಟುಗಳು ಬಿಗಿಯಾಗಿದ್ದವು. ಮಾಳಿಗೆಯ ಆಗ್ನೇಯಕ್ಕೆ ಬೇವಿನ ಮರವೊಂದಿತ್ತು. ಎಲೆ ಉದುರಿದ್ದಾಗ ತೊಡಕಿರಲಿಲ್ಲ. ಹೊಸ ಚಿಗುರು ತುಂಬಿದ ಮೇಲೆ ಕೊಂಬೆಯು ಗಾಳಿಗೆ ತೂಗಿ ಡಿಶ್ಶಿಗೆ ಅಡ್ಡ ಬರುತ್ತಿತ್ತು. ಕಿರಿಯ ಮಗನು ಕೋಲಿನಿಂದ ಕೊಂಬೆಯನ್ನು ಸರಿಸಿ ಹಿಡಿದಾಗ, ಕೆಳಗೆ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಗುಣಮಟ್ಟದ ಪಟ್ಟಿಯು ಏರಿತು. ಮರವನ್ನು ಕಡಿಯಲಿಲ್ಲ. ಮರುದಿನ ಡಿಶ್ಶನ್ನೇ ಮಾಳಿಗೆಯ ಇನ್ನೊಂದು ಮೂಲೆಗೆ ಸರಿಸಿ ಪುನಃ ದಿಕ್ಕು ಹೊಂದಿಸಿದರು. ಹೊಸ ಬಾಕ್ಸಿನ ಹಣ ಉಳಿಯಿತು.

ಓದುಗ ಬಂಧುಗಳು ಇಂಥ ದೋಷ ಕಂಡಾಗ ಒಂದು ವಾರ ಹೊತ್ತು, ಗಾಳಿ, ಮಳೆಗಳನ್ನು ಹಾಳೆಯಲ್ಲಿ ಬರೆದಿಡಲಿ. ಅದನ್ನೇ ಮೆಕ್ಯಾನಿಕ್‌ಗೆ ತೋರಿಸಲಿ. ಗುಡುಗು ಮಿಂಚಿನಲ್ಲಿ ಮಾಳಿಗೆ ಹತ್ತದಿರಲಿ, ಪ್ಲಗ್ಗನ್ನು ತೆಗೆದಿಡಲಿ. ದಿನವಿಡೀ ಮನೆಯಲ್ಲಿರುವ ಹಿರಿಯರನ್ನು ಮೊದಲು ಕೇಳಲಿ. ಆ ಸಂಜೆ ಹಿರಿಯ ಮಗನು ರಿಮೋಟನ್ನು ತಂದು ತಾಯಿಯ ಕೈಗಿತ್ತು ಪಾದ ಮುಟ್ಟಿದನು. ಅಂದಿನ ಪ್ರವಚನವನ್ನು ಮನೆಯವರೆಲ್ಲ ಕೂಡಿ ಕುಳಿತು ಕೇಳಿದರು.