ಅಮೇರಿಕದ ಜ್ಯೂರಿಯೂ ವರ್ಣಭೇದವೂ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಣಭೇದವು ಅಳಿದುಹೋಯಿತೆಂದು ಹೇಳುವವರೂ, ಅದು ಮೊದಲಿನಂತೆಯೇ ಇದೆಯೆಂದು ಹೇಳುವವರೂ ತಮ್ಮ ತಮ್ಮ ಮಾತಿಗೆ ಸಾಕಷ್ಟು ಆಧಾರಗಳನ್ನು ಮುಂದಿಡಬಲ್ಲರು. ಗುಲಾಮಗಿರಿಯು 1865ರಲ್ಲಿಯೇ ರದ್ದಾಯಿತು. ಕರಿಯರ ಮತದಾನದ ಹಕ್ಕಿಗೆ 1965ರಲ್ಲಿ ಕಾಯದೆಯ ರಕ್ಷಣೆ ದೊರೆಯಿತು. ಶ್ರೀ ಬರಾಕ್ ಓಬಾಮಾರವರು 2009ರಿಂದ 2017ರ ವರೆಗೆ ಅಧ್ಯಕ್ಷಪದವಿಯಲ್ಲಿದ್ದರು. ಇತ್ತ 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ನಗರದ ಬೀದಿಯಲ್ಲಿ ಪೋಲೀಸಿನವನ ಮೊಣಕಾಲ ಕೆಳಗೆ ಜಾರ್ಜ್ ಫ್ಲಾಯ್ಡನು ಪ್ರಾಣಬಿಟ್ಟುದನ್ನು ಜಗತ್ತೆಲ್ಲವೂ ಕಂಡಿತು. ಹೀಗೆ ಕಣ್ಣೆದುರಿಗೆ ನಡೆದ ಅನ್ಯಾಯವನ್ನು ಗುರುತಿಸುವುದಕ್ಕೆ ಪಾಂಡಿತ್ಯ ಬೇಕಿಲ್ಲ. ಕಾಯದೆಯ ವೇಷವನ್ನು ತೊಟ್ಟು, ಸಭ್ಯವಾದ ಭಾಷೆಯಲ್ಲಿ, ನ್ಯಾಯಾಧೀಶನ ಸಮಕ್ಷಮದಲ್ಲಿಯೇ ನಡೆಯುವ ಅನ್ಯಾಯವನ್ನು ಗುರುತಿಸುವುದು ಕಷ್ಟವಾದುದು. ಅಂಥದೊಂದು ಸಂಗತಿಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಆ ದೇಶದಲ್ಲಿ ಘೋರಾಪರಾಧದ ಖಟ್ಲೆಯು ವಿಚಾರಣೆಗೆ ನಿಂತರೆ, ಆಪಾದಿತನು ದೋಷಿಯೋ ನಿರ್ದೋಷಿಯೋ ಎಂಬುದನ್ನು ಸಾಮಾನ್ಯವಾಗಿ ನಿರ್ಣಯಿಸತಕ್ಕವರು ಹನ್ನೆರಡು ಜನ ನಾಗರಿಕರ ಜ್ಯೂರಿಯವರು. ಮತದಾರರ ಯಾದಿ ಮೊದಲಾದವುಗಳಿಂದ ಚೀಟಿಯೆತ್ತಿದಂತೆ ಅನೇಕರನ್ನು ಕರೆಯಿಸಿ, ಉಭಯ ಪಕ್ಷದ ವಕೀಲರು ಅವರನ್ನು ಪ್ರಶ್ನಿಸುವರು. ಯಾವನ ಪಕ್ಷಪಾತವು ಸ್ಪಷ್ಟವಾಗಿದೆಯೋ ಅವನನ್ನು ನ್ಯಾಯಾಧೀಶನೇ ಬಿಟ್ಟುಬಿಡುವನು. ಇಲ್ಲಿಯ ವರೆಗೆ ಯಾರೂ ದೂರುವಂತಿಲ್ಲ. ಆದರೆ ಇದರ ಮೇಲೆ ಎರಡೂ ಪಕ್ಷಗಳಿಗೆ ಇನ್ನೊಂದು ಅಧಿಕಾರವುಂಟು: ಗೊತ್ತಾದಷ್ಟು ಜನರನ್ನು ಯಾವ ಕಾರಣವನ್ನೂ ಹೇಳದೆ ತೆಗೆದುಹಾಕಬಹುದು. ವರ್ಣಭೇದವು ನ್ಯಾಯಮಂದಿರವನ್ನು ಹೊಕ್ಕದ್ದು ಈ ಹಿಂಬಾಗಿಲಿನಿಂದ.

ಮುಂಬಾಗಿಲನ್ನು ಮುಚ್ಚಿ ಬಹುಕಾಲವಾಯಿತು. ಬಿಳಿಯ ಗಂಡಸರು ಮಾತ್ರ ಜ್ಯೂರಿಯಲ್ಲಿ ಕೂಡ್ರತಕ್ಕದ್ದೆಂಬ ಪಶ್ಚಿಮ ವರ್ಜೀನಿಯಾ ಸಂಸ್ಥಾನದ ಕಾಯದೆಯನ್ನು ದೇಶದ ವರಿಷ್ಠ ನ್ಯಾಯಾಲಯವು 1880ರಷ್ಟು ಹಿಂದೆಯೇ ತಳ್ಳಿಹಾಕಿತು. ಆದಾಗ್ಯೂ ಮುಂದೆ ಮುಕ್ಕಾಲು ಶತಮಾನ ಕಳೆದ ಮೇಲೆ, 1955ರಲ್ಲಿ, ಎಮ್ಮೆಟ್ ಟಿಲ್ಲನೆಂಬ ಹದಿನಾಲ್ಕು ವರ್ಷದ ಕರಿಯ ಬಾಲಕನನ್ನು ಕೊಂದ ಆರೋಪಕ್ಕೆ ಗುರಿಯಾದ ಇಬ್ಬರನ್ನು ಮಿಸಿಸಿಪ್ಪಿಯ ಜ್ಯೂರಿಯು ಸುಮಾರು ಒಂದು ತಾಸಿನ ಆಲೋಚನೆಯಲ್ಲಿ ನಿರ್ದೋಷಿಗಳೆಂದು ಬಿಟ್ಟಿತು. ಆ ಹನ್ನೆರಡು ಮಂದಿಯೂ ಬಿಳಿಯರು.

ಆಳುವ ಜಾತಿಯವರೇ ಕೂತ ಜ್ಯೂರಿಯೆಂದರೇನೆಂಬುದು ನಮ್ಮವರಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ಇಲ್ಬರ್ಟ್ ಮಸೂದೆಯ ಗದ್ದಲದ ತರುವಾಯ 1884ರಲ್ಲಾದ ಒಡಂಬಡಿಕೆಯಂತೆ ಯುರೋಪಿಯನ್ ಆಪಾದಿತನು, ತನ್ನ ಜ್ಯೂರಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಯುರೋಪಿಯನ್ನರು ಅಥವಾ ಅಮೇರಿಕನ್ನರು ಇರಬೇಕೆಂದು ಕೇಳಬಹುದಾಗಿತ್ತು. ಭಾರತೀಯನಿಗೆ ಇಂಥ ಯಾವ ಅನುಕೂಲವಿತ್ತೆಂಬುದನ್ನು 1908ರ ಜುಲೈ ತಿಂಗಳಲ್ಲಿ ಮುಂಬಯಿಯ ಹಾಯ್‌ಕೋರ್ಟಿನಲ್ಲಿ ಕಂಡೆವು. ಲೋಕಮಾನ್ಯ ತಿಲಕರ ವಿಚಾರಣೆಗೆ ಕೂತವರು ಏಳು ಜನ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಕೇಸರಿಯ ಲೇಖನಗಳು ಮರಾಠಿಯವು. ಜ್ಯೂರಿಯ ಮುಂದಿದ್ದುದು ಅವುಗಳ ಇಂಗ್ಲಿಷ್ ಭಾಷಾಂತರ. ಏಳು ಮತಗಳು ದೋಷಿಯೆಂದು, ಎರಡು ನಿರ್ದೋಷಿಯೆಂದು ಬಿದ್ದವು. ಲೋಕಮಾನ್ಯರು ಆರು ವರ್ಷಗಳ ಶಿಕ್ಷೆಯನ್ನು ಹೊತ್ತು ಮಂಡಾಲೆಗೆ ತೆರಳಿದರು. ಪೀಠದಲ್ಲಿದ್ದ ದಾವರ್ ಸಾಹೇಬರು ಭಾರತೀಯರೇ ಆಗಿದ್ದರೆಂಬುದೂ ನೆನಪಿಡತಕ್ಕ ಮಾತು.

ಇರಲಿ. ಅಮೇರಿಕದಲ್ಲಿ ಹಿಂಬಾಗಿಲಿಗೆ ಚಿಲಕ ಹಾಕುವ ಪ್ರಯತ್ನವು 1986ರಲ್ಲಿ ಬ್ಯಾಟ್ಸನ್ ಖಟ್ಲೆಯಲ್ಲಿ ನಡೆಯಿತು. ಕೆಂಟಕಿ ಸಂಸ್ಥಾನದ ಸರಕಾರಿ ವಕೀಲನು ಯಾದಿಯಲ್ಲಿದ್ದ ನಾಲ್ವರು ಕರಿಯರನ್ನೂ ತೆಗೆದುಹಾಕಿದ್ದನು. ವರ್ಣದ ಕಾರಣದಿಂದ ಹೀಗೆ ಮಾಡಕೂಡದೆಂದೂ, ಸಂಶಯಕ್ಕೆಡೆಯಿದ್ದಲ್ಲಿ ವಕೀಲನು ವರ್ಣೇತರವಾದ ಕಾರಣವನ್ನು ಹೇಳತಕ್ಕದ್ದೆಂದೂ, ಬಳಿಕ ನ್ಯಾಯಾಧೀಶನು ಅದರ ನಿಜತ್ವವನ್ನು ತೂಗತಕ್ಕದ್ದೆಂದೂ ವರಿಷ್ಠ ನ್ಯಾಯಾಲಯವು ವಿಧಿಸಿತು. ಆ ನ್ಯಾಯಾಲಯದ ಮೊದಲನೆಯ ಕರಿಯ ನ್ಯಾಯಮೂರ್ತಿಗಳಾದ ಥರ್ಗುಡ್ ಮಾರ್ಷಲ್‌ರವರು ತೀರ್ಪಿಗೆ ಒಪ್ಪಿದರಾದರೂ, ಕಾರಣವಿಲ್ಲದೆ ತೆಗೆದುಹಾಕುವ ಅಧಿಕಾರವನ್ನೇ ಇಲ್ಲದಂತೆ ಮಾಡದ ಹೊರತು ಈ ರೋಗವು ಹೋಗದೆಂದು ಅಂದೇ ಬರೆದಿಟ್ಟರು.

ಅವರ ಸಂದೇಹವು ಸುಳ್ಳಾಗಲಿಲ್ಲ. ಕಾರಣವನ್ನು ಹೇಳಬೇಕೆಂದರೆ ಕಾರಣಗಳಿಗೇನು ಬರ! ಒಬ್ಬನ ಉದ್ದ ಕೂದಲೂ ಗಡ್ಡಮೀಸೆಗಳೂ ಸರಿಕಾಣಲಿಲ್ಲವೆಂದು ಮಿಸೌರಿಯ ಸರಕಾರಿ ವಕೀಲನೊಬ್ಬನು ಹೇಳಿದನು. ಕಾರಣವು ವರ್ಣೇತರವಾಗಿದ್ದರಾಯಿತು, ಅದನ್ನು ಹೇಳುವ ಹಂತದಲ್ಲಿ ಅದು ನಂಬತಕ್ಕದ್ದಾಗಿರಲೇಬೇಕೆಂದಿಲ್ಲ ಎಂದು 1995ರಲ್ಲಿ ವರಿಷ್ಠ ನ್ಯಾಯಾಲಯವೇ ನುಡಿಯಿತು. ಫಿಲಡೆಲ್ಫಿಯಾ ನಗರದಲ್ಲಂತೂ ಹಿರಿಯ ಸರಕಾರಿ ವಕೀಲನೊಬ್ಬನು ಬ್ಯಾಟ್ಸನ್ ತೀರ್ಪಿನ ತರುವಾಯವೇ, ಬಡ ಕರಿಯರನ್ನು ಜ್ಯೂರಿಯಿಂದ ದೂರವಿಡುವ ಬಗೆಯನ್ನು ಕಿರಿಯ ವಕೀಲರಿಗೆ ಬೋಧಿಸಿದ್ದನು. ಆ ಪಾಠವು ವಿಡಿಯೋ ಸುರುಳಿಯಲ್ಲಿ ಅಚ್ಚಾಗಿತ್ತು. ಮುಂದೆ 1997ರಲ್ಲಿ ಅವನು ಜಿಲ್ಲಾ ಸರಕಾರಿ ವಕೀಲನ ಹುದ್ದೆಗೆ ಚುನಾವಣೆಗೆ ನಿಂತಾಗ ಪ್ರತಿಸ್ಪರ್ಧಿಯು ಆ ಸುರುಳಿಯನ್ನು ಬಯಲಿಗೆ ತಂದರು. ಚುನಾವಣೆಯ ಜಗಳಗಳಿಂದಲೂ ಒಮ್ಮೊಮ್ಮೆ ಲೋಕೋಪಕಾರವಾಗುವುದುಂಟು.

ಜಾರ್ಜಿಯಾ ಸಂಸ್ಥಾನದ ಫಾಸ್ಟರ್ ಖಟ್ಲೆಯ ಸಾಕ್ಷ್ಯವು ಇನ್ನೂ ಸ್ಪಷ್ಟವಾದುದು. ಮರಣದಂಡನೆಯು ವಿಧಿಸಲ್ಪಟ್ಟದ್ದು 1987ರಲ್ಲಿ. ಬಹಳ ವರ್ಷಗಳ ಮೇಲೆ, ಸರಕಾರಿ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕಿನ ಬಲದಿಂದ ಸರಕಾರಿ ವಕೀಲರ ಟಿಪ್ಪಣಿಗಳು ಹೊರಬಿದ್ದವು. ಯಾದಿಯಲ್ಲಿ ಕರಿಯರ ಹೆಸರುಗಳಿಗೆ ಹಸಿರು ಬಣ್ಣ ಬಳಿದಿತ್ತು. ಹಸಿರೆಂದರೆ ಕರಿಯರೆಂದು ಮೂಲೆಯಲ್ಲಿ ವಿವರಣೆಯೂ ಇತ್ತು. ವರ್ಣಕ್ಕೂ ತಮ್ಮ ಆಯ್ಕೆಗೂ ಸಂಬಂಧವಿಲ್ಲವೆಂದು ವಾದಿಸಿದವರ ಕೈಬರಹಗಳ ನಡುವೆ ಇದು ಇತ್ತು! 2016ರಲ್ಲಿ ಏಳಕ್ಕೆ ಒಂದು ಮತದಿಂದ ವರಿಷ್ಠ ನ್ಯಾಯಾಲಯವು ಫಾಸ್ಟರನ ಪಕ್ಷವನ್ನು ಎತ್ತಿಹಿಡಿಯಿತು. ಬಣ್ಣ ಬಳಿಯದಷ್ಟು ಎಚ್ಚರವುಳ್ಳ ವಕೀಲನಿದ್ದಿದ್ದರೆ ಗತಿಯೇನು?

ಈ ಪ್ರಶ್ನೆಗೆ ಉತ್ತರವನ್ನು ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸನ ಕಥೆಯಲ್ಲಿ ನೋಡಬಹುದು. 1996ರ ಜುಲೈ ತಿಂಗಳಲ್ಲಿ ವಿನೋನಾ ಎಂಬ ಸಣ್ಣ ಊರಿನ ಮರದ ಸಾಮಾನಿನ ಅಂಗಡಿಯಲ್ಲಿ ಯಜಮಾನಿತಿಯೂ ಮೂವರು ನೌಕರರೂ ಗುಂಡಿಗೆ ಬಲಿಯಾದರು. ಅಲ್ಲಿ ಕೆಲವೇ ದಿನ ಕೆಲಸ ಮಾಡಿ ಬಿಟ್ಟಿದ್ದ ಫ್ಲವರ್ಸನೆಂಬ ಕರಿಯ ತರುಣನ ಮೇಲೆ ಆರೋಪ ಬಂದಿತು. ಒಂದೇ ಅಪರಾಧಕ್ಕಾಗಿ, ಒಬ್ಬನೇ ಸರಕಾರಿ ವಕೀಲನು, ಅವನನ್ನು ಆರು ಸಲ ವಿಚಾರಣೆಗೆ ಗುರಿಮಾಡಿದನು. ಮೊದಲನೆಯ ಜ್ಯೂರಿಯಲ್ಲಿ ಹನ್ನೆರಡು ಜನರೂ ಬಿಳಿಯರು. ಎರಡನೆಯದರಲ್ಲಿ, ಮೂರನೆಯದರಲ್ಲಿ ಹನ್ನೊಂದು ಜನ. ಮೂರು ಸಲವೂ ಮರಣದಂಡನೆ. ಮೂರು ಸಲವೂ ಸಂಸ್ಥಾನದ ಮೇಲಿನ ಕೋರ್ಟು ಸರಕಾರಿ ವಕೀಲನ ನಡತೆಯಲ್ಲಿ ದೋಷವನ್ನು ಕಂಡು ತೀರ್ಪನ್ನು ತಳ್ಳಿಹಾಕಿತು. ನಾಲ್ಕನೆಯ ಜ್ಯೂರಿಯಲ್ಲಿ ಕರಿಯರು ಐವರು, ಐದನೆಯದರಲ್ಲಿ ಮೂವರು. ಎರಡು ಸಲವೂ ಒಮ್ಮತವಾಗಲಿಲ್ಲ. ಆರನೆಯದರಲ್ಲಿ ಮತ್ತೆ ಹನ್ನೊಂದು ಬಿಳಿಯರು, ಒಬ್ಬ ಕರಿಯ, ಮತ್ತೆ ಮರಣದಂಡನೆ.

ಮೊದಲಿನ ನಾಲ್ಕು ವಿಚಾರಣೆಗಳಲ್ಲಿ ತೆಗೆದುಹಾಕಲು ಸಾಧ್ಯವಿದ್ದ 36 ಕರಿಯರಲ್ಲಿ 36 ಜನರನ್ನೂ ತೆಗೆಯಲು ಆ ವಕೀಲನು ಯತ್ನಿಸಿದ್ದನು. ಆರನೆಯದರಲ್ಲಿ ಆರರಲ್ಲಿ ಐವರನ್ನು ತೆಗೆದನು. ಆರನೆಯ ವಿಚಾರಣೆಯಲ್ಲಿ ಹೀಗೆ ತೆಗೆದ ಐವರು ಕರಿಯರಿಗೆ ಕೇಳಿದ ಪ್ರಶ್ನೆಗಳು 145. ಜ್ಯೂರಿಯಲ್ಲಿ ಕೂತ ಹನ್ನೊಂದು ಬಿಳಿಯರಿಗೆಲ್ಲ ಸೇರಿ ಕೇಳಿದ ಪ್ರಶ್ನೆಗಳು 12. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಫ್ಲವರ್ಸನ ಮನೆತನದ ಪರಿಚಯವಿದ್ದ ಬಿಳಿಯರಿಗೆ ಆ ಪರಿಚಯದ ವಿಷಯವಾಗಿ ವಕೀಲನು ಮರುಪ್ರಶ್ನೆಯನ್ನೇ ಹಾಕಲಿಲ್ಲ. ಕರಿಯಳೊಬ್ಬಳಿಗೆ ಅಂಥ ಪರಿಚಯವೇ ಅನರ್ಹತೆಯಾಯಿತು. ಕೆದಕಿ ಕೆದಕಿ ಕೇಳಿದರೆ ಯಾವ ಮನುಷ್ಯನಲ್ಲಿಯೂ ಒಂದು ನೆಪ ಸಿಕ್ಕೀತು. ಹಸಿರು ಬಣ್ಣವಿಲ್ಲದಲ್ಲಿ ಎಣಿಕೆಯೇ ಸಾಕ್ಷಿ ನುಡಿಯಬೇಕಾಯಿತು. 2019ರ ಜೂನ್ ತಿಂಗಳಲ್ಲಿ ವರಿಷ್ಠ ನ್ಯಾಯಾಲಯವು ಏಳಕ್ಕೆ ಎರಡು ಮತದಿಂದ ಶಿಕ್ಷೆಯನ್ನು ರದ್ದುಗೊಳಿಸಿತು. ತೀರ್ಪನ್ನು ಬರೆದವರು ಸಂಪ್ರದಾಯಪಕ್ಷದವರೆಂದು ಹೆಸರಾದ ನ್ಯಾಯಮೂರ್ತಿ ಕ್ಯಾವನಾ. ಭಿನ್ನಮತ ಬರೆದವರು ಕರಿಯರೇ ಆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಮನುಷ್ಯನ ಬಣ್ಣದಿಂದ ಅವನ ಮತವನ್ನು ಊಹಿಸುವವರು ಇದನ್ನು ಗಮನಿಸಬೇಕು. 2020ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಆರೋಪಗಳನ್ನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಫ್ಲವರ್ಸನು ಸುಮಾರು ಇಪ್ಪತ್ಮೂರು ವರ್ಷ ಸೆರೆಯಲ್ಲಿ ಕಳೆದಿದ್ದನು. ಪರಿಹಾರವಾಗಿ ಕೊಟ್ಟುದು ಐದು ಲಕ್ಷ ಡಾಲರು. ಸತ್ತ ನಾಲ್ವರ ಮನೆಯವರಿಗೆ ಈ ಆರು ವಿಚಾರಣೆಗಳಿಂದ ಏನು ದೊರೆಯಿತೆಂದು ಕೇಳುವವರಿಲ್ಲ.

ಇದಕ್ಕೆ ಎದುರಾದ ಒಂದು ಉದಾಹರಣೆಯನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಅಹ್ಮೌದ್ ಆರ್ಬರಿ ಎಂಬ ಕರಿಯ ತರುಣನು ಓಡುತ್ತಿದ್ದಾಗ ಬೆನ್ನಟ್ಟಿ ಕೊಂದ ಮೂವರು ಬಿಳಿಯರ ವಿಚಾರಣೆಯು 2021ರಲ್ಲಿ ಜಾರ್ಜಿಯಾದಲ್ಲಿ ನಡೆಯಿತು. ಅಲ್ಲಿ ಕರಿಯರನ್ನು ತೆಗೆದುಹಾಕಿದವರು ಆಪಾದಿತರ ವಕೀಲರು. ಉದ್ದೇಶಪೂರ್ವಕವಾದ ಭೇದವು ತೋರುತ್ತದೆಂದು ನ್ಯಾಯಾಧೀಶನು ಒಪ್ಪಿಕೊಂಡನು. ಆದರೆ ಹೇಳಿದ ಕಾರಣಗಳು ವರ್ಣೇತರವಾಗಿರುವುದರಿಂದ ತನ್ನ ಕೈ ಕಟ್ಟಿದೆಯೆಂದನು. ಹನ್ನೊಂದು ಬಿಳಿಯರೂ ಒಬ್ಬ ಕರಿಯನೂ ಕೂಡಿದ ಆ ಜ್ಯೂರಿಯು ಮೂವರನ್ನೂ ದೋಷಿಗಳೆಂದಿತು. ಜ್ಯೂರಿಯವರು ತಮ್ಮ ಕರ್ತವ್ಯವನ್ನು ಮಾಡಿದರು, ಸರಿ. ಆದರೆ ಕಣ್ಣಿಗೆ ಕಂಡ ಭೇದವನ್ನು ಕಂಡೆನೆಂದು ಹೇಳಿಯೂ ತಡೆಯಲಾರದ ನ್ಯಾಯಾಧೀಶನ ಸ್ಥಿತಿಯು ನಿಯಮದ ಯೋಗ್ಯತೆಯನ್ನು ತೋರಿಸುತ್ತದೆ.

ಕೆಲವು ಸಂಸ್ಥಾನಗಳು ಇದನ್ನು ಮನಗಂಡಿವೆ. ವಾಷಿಂಗ್ಟನ್ ಸಂಸ್ಥಾನವು 2018ರಲ್ಲಿ ಹೊಸ ನಿಯಮವನ್ನು ಮಾಡಿ, ವಕೀಲನ ಮನಸ್ಸಿನೊಳಗಿನ ಉದ್ದೇಶವನ್ನು ಹುಡುಕುವ ಗೊಡವೆಯನ್ನೇ ಬಿಟ್ಟಿತು. ತಟಸ್ಥನಾದ ವಿವೇಕಿಗೆ ವರ್ಣವು ಕಾರಣವಾಗಿ ಕಾಣಬಹುದಾದರೆ ಸಾಕು, ಆ ಜ್ಯೂರರನನ್ನು ತೆಗೆಯುವಂತಿಲ್ಲ. ಕ್ಯಾಲಿಫೋರ್ನಿಯಾ 2020ರಲ್ಲಿ ಇಂಥದೇ ಕಾಯದೆಯನ್ನು ಮಾಡಿತು. ಆರಿಜೋನಾ ಇನ್ನೂ ಮುಂದೆ ಹೋಗಿ, 2022ರ ಜನವರಿ 1ರಿಂದ ಕಾರಣ ಹೇಳದೆ ತೆಗೆಯುವ ಅಧಿಕಾರವನ್ನೇ ರದ್ದುಗೊಳಿಸಿತು. ಆ ಅಧಿಕಾರದ ತವರುಮನೆಯಾದ ಇಂಗ್ಲೆಂಡಿನಲ್ಲಿ ಆಪಾದಿತನಿಗಿದ್ದ ಈ ಹಕ್ಕು 1988ರ ಕಾಯದೆಯಿಂದಲೇ ಹೋಗಿದೆ. ಇದಕ್ಕೆ ವಿರೋಧವೂ ಉಂಟು, ಅದು ಸರಕಾರಿ ವಕೀಲರದು ಮಾತ್ರವಲ್ಲ. ಮನದಲ್ಲಿ ವರ್ಣದ್ವೇಷವನ್ನಿಟ್ಟುಕೊಂಡು ಬಾಯಲ್ಲಿ ಸಮತೆಯನ್ನಾಡುವ ಬಿಳಿಯ ಜ್ಯೂರರನನ್ನು ಹೊರಗಿಡಲು ಕರಿಯ ಆಪಾದಿತನಿಗೂ ಇರುವುದು ಇದೊಂದೇ ಆಯುಧವೆಂದು ಅವರ ವಕೀಲರಲ್ಲಿ ಹಲವರು ವಾದಿಸುತ್ತಾರೆ. ವಾದವು ಪೊಳ್ಳಾದುದಲ್ಲ. ಆದರೆ ಕರಿಯರ ಸಂಖ್ಯೆಯು ಕಡಿಮೆಯಿರುವ ಯಾದಿಯಲ್ಲಿ ಎರಡು ಪಕ್ಷಗಳೂ ಸಮಾನವಾಗಿ ಈ ಆಯುಧವನ್ನು ಬೀಸಿದರೆ, ಬಿಳಿಯರಲ್ಲಿ ಕೆಲವರು ಹೋದರೂ ಹಲವರು ಉಳಿಯುವರು, ಕರಿಯರಲ್ಲಿ ಒಬ್ಬನೂ ಉಳಿಯಲಾರನು.